ಎರಡನೇದೇ ಚೆನ್ನಾಗಿದೆ ಮಾವ

ನಾನು ಮಾಡಿಕೊಟ್ಟ ಕನ್ನಡಕದಿಂದ ತಲೆನೋವು ಬಂತು ಅಂತ ಇವತ್ತಿನವರೆಗೆ ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತಿರಲಿಲ್ಲ. ಮೊದಲು ಹತ್ತಿದ್ದು ಯಾರು ಅಂತೀರಿ? ನಮ್ಮ ಅಕ್ಕನ ಮಗಳೇ! ಹೊಸ ಕನ್ನಡಕ ಹಾಕಿ ಇನ್ನೂ ವಾರ ಆಗಿರಲಿಲ್ಲ, ಹಣೆ ಹಿಡ್ಕೊಂಡು ಅಮ್ಮನ ಜೊತೆ ಬಂದಳು.

"ಕನ್ನಡಕದ ತಪ್ಪಲ್ಲ ಕಣೋ," ಅಂದಳು ಅಕ್ಕ, ಬೆಂಚಿನ ಮೇಲೆ ಕೂರುತ್ತಾ. "ಸೋಮವಾರ ಕಾಲೇಜಿಗೆ ಹೋಗಿ ಏನು ಓದ್ತೀನಿ ಅಂತ ಹೇಳಬೇಕು. ಇವಳು ದಿನಕ್ಕೊಂದು ಹೇಳ್ತಾಳೆ. ಅದಕ್ಕೇ ತಲೆನೋವು."

ಹುಡುಗಿ ಕೆಟ್ಟವಳಲ್ಲ. ಅತಿ ಒಳ್ಳೆಯವಳು, ಅದೇ ರೋಗ. ಏನು ಕೇಳಿದರೂ ಕೋಲೆ ಬಸವನ ಹಾಗೆ ತಲೆ ಆಡಿಸ್ತಾಳೆ, ಮನೇಲಿ ಅವಳಿಗೆ 'ಹೂಂ ರಾಣಿ' ಅಂತಲೇ ಹೆಸರು. ಭಾವ ಮನೆ ಕಟ್ಟೋ ಕಂಟ್ರಾಕ್ಟರು, ಮಗಳು ಇಂಜಿನಿಯರ್ ಆಗಲಿ ಅಂದರು. ಹೂಂ. ಅಕ್ಕ ಆಸ್ಪತ್ರೇಲಿ ನರ್ಸು, ಡಾಕ್ಟರಾಗು ಅಂದಳು. ಹೂಂ. ಚರ್ಚಾಸ್ಪರ್ಧೇಲಿ ಬಹುಮಾನ ಬಂದಾಗ ಟೀಚರು ಲಾ ಓದು ಅಂದರಂತೆ, ಅದಕ್ಕೂ ಹೂಂ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು, ನಡುವೆ ಇವಳು.

ನಾನು ಮಾತ್ರ ಒಳಗೊಳಗೇ ನಗ್ತಿದ್ದೆ. ಯಾಕೆ ಅಂದರೆ, ರಜೇಲಿ ನನ್ನ ಅಂಗಡೀಲಿ ಕೂತು ಫ್ರೇಮ್ ಒರೆಸ್ತಾ, "ಮಾವ, ನಾನೂ ನಿಮ್ಮ ಕೆಲಸಾನೇ ಕಲೀತೀನಿ" ಅಂದಿದ್ದಳು. ನನಗೆ ಮಕ್ಕಳಿಲ್ಲ. ಆ ಮಾತು ಕೇಳಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ವಾಚ್ ರಿಪೇರಿಯವನಿಗೆ ಹೇಳಿದೆ, ಲೆನ್ಸ್ ತಂದುಕೊಡೋನಿಗೆ ಹೇಳಿದೆ, ಕೇಳದೇ ಇದ್ದೋರಿಗೂ ಹೇಳಿದೆ. ಭಾವನಿಗೆ ಹೇಳೋ ಧೈರ್ಯ ಮಾತ್ರ ಬಂದಿರಲಿಲ್ಲ.

ಅಕ್ಕನ್ನ ಹೊರಗೇ ಬಿಟ್ಟು ಹುಡುಗೀನ ಟೆಸ್ಟ್ ಮಾಡೋ ಕೋಣೆಗೆ ಕರಕೊಂಡು ಹೋದೆ. ದೀಪ ಸಣ್ಣಗೆ ಮಾಡಿ, ಅವಳ ಮೂಗಿನ ಮೇಲೆ ಖಾಲಿ ಫ್ರೇಮ್ ಕೂರಿಸಿದೆ. ಒಂದು ಗಾಜು ಹಾಕ್ತೀನಿ, ತೆಗೆದು ಇನ್ನೊಂದು ಹಾಕ್ತೀನಿ, ಗೋಡೆ ಮೇಲಿನ ಅಕ್ಷರ ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಕೇಳ್ತೀನಿ. "ಮೊದಲನೇದಾ, ಎರಡನೇದಾ?" ದಿನವಿಡೀ ನನ್ನ ಬಾಯಲ್ಲಿ ಇದೇ ಮಂತ್ರ.

"ಎರಡನೇದು."

"ಈಗ? ಮೊದಲನೇದಾ, ಎರಡನೇದಾ?"

"ಎರಡನೇದೇ ಚೆನ್ನಾಗಿದೆ ಮಾವ."

ಯೋಚನೇನೇ ಮಾಡದೆ ಪಟಪಟ ಹೇಳ್ತಿದ್ದಳು. ಅನುಮಾನ ಬಂತು. ನಮ್ಮ ಕಸುಬಲ್ಲಿ ಒಂದು ಕಿತಾಪತಿ ಇದೆ. ಗಾಜು ತೆಗೆದ ಹಾಗೆ ಮಾಡಿ ಮತ್ತೆ ಅದನ್ನೇ ಹಾಕೋದು. ಕಂಡದ್ದು ಹೇಳೋರು 'ಎರಡೂ ಒಂದೇ' ಅಂತಾರೆ. ಹಾಗೇ ಮಾಡಿ ನೋಡಿದೆ.

"ಎರಡನೇದೇ ಮಾವ. ತುಂಬ ಸ್ಪಷ್ಟ."

ಮೈ ಉರಿದುಹೋಯ್ತು. "ಏನೇ, ಕಣ್ಣು ನಿಂದಾ ನಂದಾ? ಎರಡು ಸಲಾನೂ ಹಾಕಿದ್ದು ಒಂದೇ ಗಾಜು!"

ಪಾಪ, ಬೆಚ್ಚಿಬಿದ್ದಳು. "ನೀವು ಎರಡನೇದು ಅನ್ನುವಾಗ ದನಿ ಸ್ವಲ್ಪ ಮೇಲೆ ಹೋಗುತ್ತೆ ಮಾವ. ನಿಮಗೆ ಅದೇ ಇಷ್ಟ ಅಂದ್ಕೊಂಡೆ. ಹೋದ ಸಲಾನೂ ಹಾಗೇ ಹೇಳಿದ್ದು."

ಅಯ್ಯೋ ನಿನ್ನ! ಕಣ್ಣಿನ ಪವರ್ ಹೇಳೋದ್ರಲ್ಲೂ ಇನ್ನೊಬ್ಬರ ಮನಸ್ಸು ಕಾಯೋರನ್ನ ನಾನು ಕಂಡಿರಲಿಲ್ಲ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಮತ್ತೆ ಶುರುಮಾಡಿದೆ. ಈ ಸಲ ಒಂದೊಂದು ಗಾಜು ಹಾಕಿದ ಮೇಲೂ ಅವಳಿಗೆ ಬೆನ್ನು ಮಾಡಿ, ಬಾಯಿ ಮುಚ್ಕೊಂಡು ನಿಂತೆ. ಉತ್ತರ ಬರೋದಕ್ಕೆ ಯುಗ ಹಿಡೀತು. "ಇದು... ಇಲ್ಲ, ಅದು... ತಡೀರಿ ಮಾವ, ಗೊತ್ತಾಗ್ತಿಲ್ಲ." ಗೊತ್ತಾಗದಿದ್ರೆ ಗೊತ್ತಾಗ್ತಿಲ್ಲ ಅನ್ನು ತಾಯಿ, ಅಂದೆ. ಅಂತೂ ಇಂತೂ ಸರಿಯಾದ ಪವರ್ ಸಿಕ್ತು.

ಬೆನ್ನು ತಿರುಗಿಸಿಕೊಂಡೇ ಕೇಳಿದೆ. "ಇಂಜಿನಿಯರಿಂಗು?"

"ಅಪ್ಪ ಖುಷಿಯಾಗಿರ್ತಾರೆ."

"ಅಪ್ಪನ ವಿಷಯ ಕೇಳಲಿಲ್ಲ."

"ಗೊತ್ತಿಲ್ಲ ಮಾವ."

"ಡಾಕ್ಟರು?"

"ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ಅಮ್ಮಂಗೆ ಹೇಳ್ಬೇಡಿ."

"ಲಾಯರು?"

"ಎದುರಿನವರು ಹೇಳೋದೂ ಸರಿ ಅನ್ಸುತ್ತೆ ಮಾವ."

ನಗು ಬಂದುಬಿಡ್ತು. ಅಲ್ಲಿಗೆ ಸುಮ್ಮನಿರಬೇಕಿತ್ತು, ಬಾಯಿ ಕೇಳಬೇಕಲ್ಲ! "ಹಾಗಾದ್ರೆ ಈ ಅಂಗಡಿ?"

ನಾನು ಗೋಡೆ ನೋಡ್ತಾ ನಿಂತೆ.

"ಬೇಡ ಮಾವ."

ತಿರುಗಿದೆ. ನನ್ನ ಮುಖ ಹೇಗಾಗಿತ್ತೋ ಏನೋ, ಅವಳ ಕಣ್ಣು ತುಂಬಿಬಂತು. "ಬೇಜಾರಾಯ್ತಾ?"

"ಆಯ್ತು ಕಣೇ. ತುಂಬ ಆಯ್ತು."

ಬೇರೆ ದಿನ ಆಗಿದ್ರೆ ತಕ್ಷಣ 'ಇಲ್ಲ ಮಾವ, ತಮಾಷೆಗೆ ಅಂದೆ' ಅಂತಿದ್ದಳು. ನಾಚಿಕೆ ಬಿಟ್ಟು ಹೇಳ್ತೀನಿ, ನಾನು ಅದಕ್ಕೇ ಕಾದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಕಣ್ಣೊರೆಸಿಕೊಂಡು ಎದ್ದು ಹೊರಗೆ ಹೋದಳು.

"ಏನಾಯ್ತೇ? ಸೋಮವಾರ ಏನು ಹೇಳ್ತೀಯ?" ಅಕ್ಕನ ದನಿ.

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ನಿನ್ನೆ ತಾನೇ ಡಾಕ್ಟರಾಗ್ತೀನಿ ಅಂದೆ! ಏಯ್, ಏನು ಹೇಳಿಕೊಟ್ಟೆಯೋ ಇವಳಿಗೆ?"

ನಾನು ಹೊರಗೆ ಬಂದೆ. ಹುಡುಗಿ ಅಮ್ಮನ ಎದುರು ನಿಂತಿದ್ದಳು. ಏನು ಹೇಳಲಿ ಅಂತ ನನ್ನ ಮುಖ ನೋಡಲಿಲ್ಲ.