ಹೊರಗೆ ನಿಂತವರಿಗೆ ಮೊದಲ ತಟ್ಟೆ

ಭಾನುವಾರ, ಬೆಳಕು ಹರಿಯುವ ಹೊತ್ತು. ಅಮೆರಿಕದ ಕ್ಲಾರ್ಕ್ಸ್‌ಬರ್ಗ್ ಬಳಿಯ ದೇವಸ್ಥಾನದ ಅಡುಗೆಮನೆಯಲ್ಲಿ ಕಲ್ಮೇಶ್ ಹೊಸಮನಿ ಸಾರಿನ ಕೊಳಗದ ಮುಂದೆ ನಿಂತಿದ್ದಾರೆ. ಎರಡೂ ಕೈ ಬೆನ್ನ ಹಿಂದೆ. ಸಾರು ಕುದ್ದಿದೆ, ಒಗ್ಗರಣೆ ಬಿದ್ದಿದೆ. ಆದರೂ ನೈವೇದ್ಯದ ಗಂಟೆ ಕೇಳುವವರೆಗೆ ಸೌಟು ಮುಟ್ಟುವುದಿಲ್ಲ. ಗಂಟೆಯಾಗುತ್ತದೆ. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ಚಪ್ಪರಿಸಿ, "ಹುಳಿ ಜಾಸ್ತಿ ಆತು," ಎಂದು ಮುಖ ಕಿವುಚುತ್ತಾರೆ. ಕೊಳಗಕ್ಕೆ ಒಂದು ಉಂಡೆ ಬೆಲ್ಲ ಬೀಳುತ್ತದೆ.

ಈ ಮಂಕಿ ಟೋಪಿಯ ಹಿರಿಯರು ಒಂದು ಕಾಲಕ್ಕೆ ರಾಜನೊಬ್ಬನ ನೌಕಾಪಡೆಗೆ ಊಟ ಹಾಕಿಸುತ್ತಿದ್ದವರು ಎಂದರೆ ನಂಬುವುದು ಕಷ್ಟ. ನಾನೂ ಮೊದಲು ನಂಬಲಿಲ್ಲ. ಗೋಕಾಕದ ಕಡೆಯವರು, ನೌಕರಿ ಹುಡುಕಿ ಹೊರಡುವವರೆಗೂ ಸಮುದ್ರವನ್ನೇ ಕಂಡಿರಲಿಲ್ಲ. ಕೊಲ್ಲಿಯ ಪುಟ್ಟ ರಾಜ್ಯವೊಂದರ ನೌಕಾಪಡೆಯಲ್ಲಿ ಉಗ್ರಾಣದ ಗುಮಾಸ್ತರಾಗಿ ಸೇರಿ, ಇಡೀ ಪಡೆಯ ಆಹಾರ ವಿಭಾಗದ ಮುಖ್ಯಾಧಿಕಾರಿಯಾದರು. ಅಲ್ಲಿ ಅಧಿಕಾರಿಗಳಿಗೆ ಬಿಸಿ ಬಿಸಿ ಊಟ, ಎಂಜಿನ್ ಕೋಣೆಯಲ್ಲಿ ಬೆವರು ಸುರಿಸುವವರಿಗೆ ಆರಿ ತಣ್ಣಗಾದದ್ದು.

"ಕೆಳಗ ದುಡಿಯೋವ್ರು ಮೊದಲ ಉಣ್ಬೇಕು, ಅವ್ರ ಊಟದ ರುಚಿ ನಾನ ನೋಡ್ಬೇಕು. ಇಷ್ಟ ರೂಲ್ ಮಾಡಿದ್ದು. ಅದಕ್ಕ ಮರಳುಗಾಡಿನ ಗೋದಾಮಿಗೆ ಒಗದ್ರು. ಮುಂದ ಅವ್ರಽ ವಾಪಸ್ ಕರಸ್ಕೊಂಡ್ರು. ನಾ ಮತ್ತ ಅದಽ ರೂಲ್ ಮಾಡ್ದೆ!" ಕಲ್ಮೇಶ್ ಗಹಗಹಿಸುತ್ತಾರೆ.

ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಅವರು ನಿವೃತ್ತರಾಗಿ ಬಂದ ಕೂಡಲೇ ಆ ನಿಯಮ ರದ್ದಾಯಿತಂತೆ. ಎಂಜಿನ್ ಕೋಣೆಯ ಹಳೆಯ ಕೆಲಸಗಾರನೊಬ್ಬ ಫೋನ್ ಮಾಡಿ ಹೇಳಿದ. "ನಾ ಇದ್ನಿ ಅಂತ ನಡದಿತ್ತು, ಅಷ್ಟ. ಯಾರ ಮನಸಿಗೂ ಇಳದಿರ್ಲಿಲ್ಲ," ಎನ್ನುತ್ತಾರೆ.

ಮಗಳು ಸ್ಮಿತಾ ಇಲ್ಲಿ ವೈದ್ಯೆ. ೨೦೨೨ರಲ್ಲಿ ಅವಳ ಮನೆಗೆ ಬಂದವರು ಕೈಕಟ್ಟಿ ಕೂರಲಾರದೆ ದೇವಸ್ಥಾನದ ಅಡುಗೆಮನೆ ಸೇರಿದರು. ಹೋದ ವರ್ಷ ಗಣೇಶನ ಹಬ್ಬದಲ್ಲಿ ಹಡಗಿನ ಅಭ್ಯಾಸ ಎಡವಟ್ಟು ಮಾಡಿತು. ನೈವೇದ್ಯಕ್ಕೆ ಮೊದಲೇ ಪುಳಿಯೋಗರೆಯ ರುಚಿ ನೋಡಿಬಿಟ್ಟರು! ಯಾರೂ ನೋಡಿರಲಿಲ್ಲ, ತಾವೇ ಹೋಗಿ ಅರ್ಚಕರಿಗೆ ಹೇಳಿದರು. ದೇವರಿಗೆ ಮತ್ತೆ ಅಡುಗೆಯಾಗುವಷ್ಟರಲ್ಲಿ ಮಕ್ಕಳು ಅತ್ತವು, ದೊಡ್ಡವರು ಸಿಡುಕಿದರು, ಕೆಲವರು ಪಿಜ್ಜಾ ತಿನ್ನಲು ಹೊರಟೇಬಿಟ್ಟರು.

"ಎಲ್ರೂ ನನ್ನನ್ನೇ ಬ್ಲೇಮ್ ಮಾಡಿದ್ರು. ಅಂಕಲ್‌ನ ಪಾರ್ಕಿಂಗ್‌ಗೆ ಹಾಕ್ದೆ. ಆಮೇಲೆ ನಂಗೇ ಬೇಜಾರಾಯ್ತು," ಎನ್ನುತ್ತಾರೆ ಅಡುಗೆಮನೆಯ ಉಸ್ತುವಾರಿ ಹೊತ್ತ ಮೈಸೂರಿನ ಊರ್ಮಿಳಾ.

ಕಿತ್ತಳೆ ಜಾಕೆಟ್ ತೊಟ್ಟು ಚಳಿಯಲ್ಲಿ ಕಾರುಗಳಿಗೆ ದಾರಿ ತೋರಿಸುತ್ತ ಕಲ್ಮೇಶ್ ಕಂಡದ್ದು ಹಳೆಯ ಕಥೆಯನ್ನೇ. ಜೊತೆಗಿದ್ದ ಸ್ವಯಂಸೇವಕ ಚಿರಾಗ್ ಹೇಳುತ್ತಾರೆ: "ಕ್ಯೂ ಮುಗಿಯೋ ಹೊತ್ತಿಗೆ ನಮಗೆ ಉಳೀತಿದ್ದಿದ್ದು ತಣ್ಣಗಿನ ಅನ್ನ, ಮಜ್ಜಿಗೆ. ನಾವೂ ಕಂಪ್ಲೇಂಟ್ ಮಾಡ್ತಿರ್ಲಿಲ್ಲ."

ಕಲ್ಮೇಶ್ ಮಾಡಿದರು. ಬೆಳಿಗ್ಗೆಯೇ ನೈವೇದ್ಯವಾಗಲಿ, ಆಮೇಲೆ ರುಚಿ ನೋಡಬಹುದು ಎಂದರು. ಅರ್ಚಕರು ನಕ್ಕು ಒಪ್ಪಿದರು. ಮೊದಲ ತಟ್ಟೆಗಳು ಪಾರ್ಕಿಂಗಿಗೆ ಹೋಗಲಿ ಎಂದಾಗ ಮಾತ್ರ ಗೊಣಗಾಟ ಶುರುವಾಯಿತು. ಪೂಜೆ ಮಾಡಿಸಿದವರು ಕಾಯಬೇಕೇ? ಈ ಚಳಿಗಾಲ ಮಾಡಿ ನೋಡೋಣ ಎಂದು ಊರ್ಮಿಳಾ ಕಲ್ಮೇಶರನ್ನು ಅಡುಗೆಮನೆಗೆ ವಾಪಸ್ ಕರೆದರು. ಅಂದಿನಿಂದ ಕುಂಟುತ್ತಲೇ ತಟ್ಟೆ ಹೊತ್ತು ಹೊರಗೆ ಹೋಗುವವರು ಕಲ್ಮೇಶರೇ. ಅವರನ್ನು ಎದುರಿಸಿ ಗೊಣಗುವ ಧೈರ್ಯ ಯಾರಿಗಿದೆ?

ಆದರೆ ಈ ವಾರ ಅವರಿಗೆ ಮಂಡಿಯ ಆಪರೇಷನ್. ಚಳಿಗಾಲ ಮುಗಿಯುವವರೆಗೆ ಬರುವಂತಿಲ್ಲ. "ಮಂಡಿದು ಚಿಂತಿಲ್ರೀ. ನಾ ಇಲ್ಲಂದ್ರ ಇದೂ ನಿಲ್ತದೇನೋ ಅಂತ," ಎಂದು ಒಲೆ ಒರೆಸುತ್ತ ಹೇಳುತ್ತಾರೆ. ಅವರ ಬಗ್ಗೆ ನನಗೆ ಅಕ್ಕರೆ ಉಕ್ಕುತ್ತದೆ.

ಮುಂದಿನ ಭಾನುವಾರ ಮನಸ್ಸು ತಡೆಯದೆ ಮತ್ತೆ ಹೋಗುತ್ತೇನೆ. ಹೊರಗೆ ಹಿಮ ಉದುರುತ್ತಿದೆ. ಸಾಲಿನ ಮುಂದೆ, ಅಂದಿನ ಪೂಜೆ ಮಾಡಿಸಿದ, ಶಾಲು ಹೊದ್ದ ಯಜಮಾನರು ತಟ್ಟೆ ಚಾಚುತ್ತಾರೆ. "ಐದೇ ನಿಮಿಷ ಸರ್, ಹೊರಗಿರೋರಿಗೆ ಕೊಟ್ಟು ಬಂದ್ಬಿಡ್ತೀನಿ," ಎಂದು ಊರ್ಮಿಳಾ ತುಂಬಿದ ಟ್ರೇ ಎತ್ತಿಕೊಳ್ಳುತ್ತಾರೆ. ಸಾಲಿನಲ್ಲಿ ಯಾರೋ ಗೊಣಗುತ್ತಾರೆ. ಆಕೆ ತಿರುಗಿ ನೋಡದೆ, ಕೋಟೂ ಹಾಕಿಕೊಳ್ಳದೆ ಬಾಗಿಲು ದಾಟುತ್ತಾರೆ.

ಸಂಜೆ ಕಲ್ಮೇಶರಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳುತ್ತೇನೆ.

"ಬಿಸಿ ಇತ್ತೇನ್ರಿ?"

"ಹಬೆ ಏಳ್ತಿತ್ತು."

"ಆಕಿಗೆ ಯಾರರ ನೆನಪು ಮಾಡಿದ್ರೇನು?"

"ಯಾರೂ ಮಾಡ್ಲಿಲ್ಲ."

ಆ ಕಡೆ ಕಲ್ಮೇಶರ ದನಿ ಹಗುರಾಗುತ್ತದೆ.

"ಹಂಗಾದ್ರ ಇನ್ನ ಅದು ನನ್ನ ರೂಲ್ ಅಲ್ರೀ. ಆಕಿದಾತು."