ಬಸ್ಸು ಕೆಟ್ಟಿಲ್ಲ

ದೊಡ್ಡೇರಿಯ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಲ್ಯಾಪ್‌ಟಾಪ್ ಸರಿಮಾಡುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನನ್ನ ತರಗತಿ ಮಕ್ಕಳ ಪರೀಕ್ಷೆ ಅರ್ಜಿ ಕಳಿಸುವ ಕೊನೆಯ ದಿನವೇ ನನ್ನ ಲ್ಯಾಪ್‌ಟಾಪಿನ ಲಿನಕ್ಸ್ ಅಪ್‌ಡೇಟ್ ಆಗಿ ವೈಫೈ ನಿಂತುಹೋಯಿತು. ನನಗೆ ಅಳುವುದೊಂದು ಬಾಕಿ.

"ಬಸ್ಸು ಕೆಟ್ಟಿಲ್ಲ ಕಣಮ್ಮ, ಡ್ರೈವರ್ ಇಳ್ದೋಗವ್ನೆ ಅಷ್ಟೆ," ಎಂದರು. ಯಾವಾಗಲೂ ಅದೇ ಮಾತು. ತಮ್ಮ ಫೋನಿನಿಂದ ಲ್ಯಾಪ್‌ಟಾಪಿಗೆ ನನ್ನ ಕೈಯಿಂದಲೇ ಕೇಬಲ್ ಹಾಕಿಸಿ ನೆಟ್ ಕೊಟ್ಟರು. ವೈಫೈ ನಡೆಸುವ ಪ್ರೋಗ್ರಾಮೇ ಅವರು ಹೇಳಿದ ಡ್ರೈವರ್; ಅದನ್ನು ಮತ್ತೆ ಕೂರಿಸುವ ಕಮಾಂಡುಗಳನ್ನು ಒಂದೊಂದಾಗಿ ಹೇಳಿದರು.

"ನೀವೇ ಒತ್ತಬಾರ್ದಾ ಸಾರ್?" ಎಂದು ರೇಗಿದೆ. ಅವರು ಕೈ ಬಿಚ್ಚಲಿಲ್ಲ; ನಾನೇ ಒತ್ತಿದೆ, ವೈಫೈ ಬಂತು. ಅರ್ಜಿಗಳು ಹೋದವು.

ಆ ಕಟ್ಟಿದ ಕೈಗಳ ಉಪಕಾರ ತಿಳಿದದ್ದು ಅವರು ಪಾವಗಡಕ್ಕೆ ವರ್ಗವಾದ ಮೇಲೆ. ಮೊನ್ನೆ ಮತ್ತೆ ವೈಫೈ ಹೋಯಿತು. ನಾನೇ ಸರಿಮಾಡಿ ಅವರಿಗೆ ಫೋನ್ ಮಾಡಿದೆ: "ಸಾರ್, ಡ್ರೈವರ್ ಬಂದ."

"ಬಂದ ಅಲ್ಲ ಕಣಮ್ಮ," ಎಂದರು, "ಬಸ್ಸು ಓಡ್ಸಿದ್ದು ನೀವಲ್ವಾ? ಬಂದ್ಲು ಅನ್ನಿ."