ಬಂದದ್ದಕ್ಕೆಲ್ಲ ಕೆಮ್ಮಣ್ಣು

ಎಪ್ಪತ್ತರ ದಶಕದಲ್ಲಿ ಯಲ್ಲದಕೆರೆಯ ನಮ್ಮ ಕುರಿಗಳು ಬೇರೆಯವರ ಹಿಂಡಿನಲ್ಲಿ ಬೆರೆತುಹೋಗದಂತೆ ಅವುಗಳ ಬೆನ್ನಿಗೆ ಕೆಮ್ಮಣ್ಣು ಬಳಿಯುತ್ತಿದ್ದೆವು. ಒಂದು ಬೆಳಿಗ್ಗೆ ಅಜ್ಜ ರೊಪ್ಪದೊಳಗಿಂದ ಕುರಿಗಳನ್ನು ಹೊರಗಟ್ಟುತ್ತಿದ್ದ. ಕೆಮ್ಮಣ್ಣಿನ ಗಡಿಗೆ ಹಿಡಿದು ಬಾಗಿಲಲ್ಲಿ ಕೂತಿದ್ದ ಅಜ್ಜಿ, ಮರಿಗಳಿಗೂ ಬಳಿಯಬೇಕೇ ಎಂದು ಕೇಳಿದ್ದೇ ತಪ್ಪಾಯಿತು.

“ತಲೆ ತಿನ್ಬ್ಯಾಡ. ಹೊರಗೆ ಬಂದಿದ್ಕೆಲ್ಲ ಬಳಿ” ಎಂದು ಗದರಿದ.

ಅಜ್ಜಿಗೂ ಸಿಟ್ಟು ಬಂತು. ಕುರಿಗಳಿಗೆ ಬಳಿದಳು, ಮರಿಗಳಿಗೆ ಬಳಿದಳು, ಹಿಂದೆ ಬಂದ ನಾಯಿಗೂ ಬಳಿದಳು. ಕೊನೆಗೆ ಬಗ್ಗಿ ಹೊರಬಂದ ಅಜ್ಜನ ಕಂಬಳಿಯ ಮೇಲೂ ಒಂದು ಪಟ್ಟೆ ಎಳೆದಳು. ಅವನು ಕೂಗಾಡಿದಾಗ, “ಬಂದಿದ್ಕೆಲ್ಲ ಬಳಿ ಅಂದೋರ್ಯಾರು?” ಎಂದಳು.

ಮೊನ್ನೆ, ಊರಿನ ಹಳೆಯ ಫೋಟೊಗಳ ಹೆಸರನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಬದಲಿಸಲು ಬೇಸರವಾಗಿ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಯಂತ್ರ ಓದಿ ನಡೆಸುವ ಅಪ್ಪಣೆಗಳ ಫೈಲು, ಬರೆದೆ. ಈ ಫೋಲ್ಡರಿನಲ್ಲಿರುವ ಪ್ರತಿ ಫೈಲಿನ ಹೆಸರಿನ ಮೊದಲಿಗೆ ‘ಯಲ್ಲದಕೆರೆ’ ಎಂದು ಸೇರಿಸು ಎಂಬುದಷ್ಟೇ ನನ್ನ ಅಪ್ಪಣೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಫೋಟೊಗಳಿಗೂ ಊರಿನ ಹೆಸರು ಬಂತು. ಅದೇ ಫೋಲ್ಡರಿನಲ್ಲಿದ್ದ ಸ್ಕ್ರಿಪ್ಟಿಗೂ ಬಂತು! ಥೂ ದಡ್ಡ ಯಂತ್ರವೇ ಎಂದು ಬೈಯಲು ಬಾಯಿ ತೆರೆದವನಿಗೆ ಅಜ್ಜಿಯ “ಅಂದೋರ್ಯಾರು?” ನೆನಪಾಯಿತು.

ಅಜ್ಜ ಆ ಪಟ್ಟೆಯ ಕಂಬಳಿಯನ್ನೇ ಕೊನೆತನಕ ಹೊದ್ದ. ನಾನೂ ಸ್ಕ್ರಿಪ್ಟಿನ ಆ ಹೆಸರನ್ನು ಹಾಗೇ ಬಿಟ್ಟೆ.